ಸಾವಿನ ಮನೆಯ ಹೊಗೆ

ಗಂಡನನ್ನು ಮಣ್ಣಿಗಿಟ್ಟು ಬಂದ ಮಧ್ಯಾಹ್ನ ಸವೇರಿಯಾ ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆಯ ಒಲೆಯ ಬೂದಿಯನ್ನು ಕೆದಕಿ ತೆಗೆದು, ಉಳಿದ ಕೆಂಡಕ್ಕೆ ನೀರು ಚಿಮುಕಿಸಿ, ಒಲೆಯ ಬಾಯಿಗೆ ತಗಡು ಮುಚ್ಚಿದ್ದು. ಅನಂತರ ಮುಂಬಾಗಿಲನ್ನು ಅರ್ಧ ತೆರೆದು, ಗಾಳಿಗೆ ಹಾಕಿಕೊಳ್ಳದಂತೆ ಕುರ್ಚಿಯೊಂದನ್ನು ಅಡ್ಡ ಇಟ್ಟಳು. ಮೇಜನ್ನು ಒರೆಸಿ ಖಾಲಿ ಬಿಟ್ಟಳು. ಬರುವವರಿಗೆ ಪಾತ್ರೆ ಇಳಿಸಲು ಜಾಗ ಬೇಕಲ್ಲ! ಇಬ್ಬರು ಹೆಣ್ಣುಮಕ್ಕಳನ್ನು, ದೊಡ್ಡವಳು ರೊಸಾರಿಯಾಳನ್ನೂ ಇನ್ನೂ ಮಾತು ತೊದಲುತ್ತಿದ್ದ ಮಿಮ್ಮಾಳನ್ನೂ, ಪಕ್ಕದಲ್ಲಿ ಕೂರಿಸಿಕೊಂಡು, ಕೈಯಲ್ಲಿ ಜಪಸರ ಹಿಡಿದು ಕಾಯತೊಡಗಿದಳು.

ಅವಳು ಹುಟ್ಟಿದ್ದು ಕಲಾಬ್ರಿಯಾದಲ್ಲಿ, ಬೆಟ್ಟದ ಹೆಗಲಿಗೆ ಜೋತುಬಿದ್ದಂತಿದ್ದ ಒಂದು ಹಳ್ಳಿಯಲ್ಲಿ. ಅಲ್ಲಿ ಸಾವು ಹೊಕ್ಕ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಮನೆಯವರು ಅಳಬೇಕು, ನೆರೆಯವರು ಬೇಯಿಸಬೇಕು. ಇಂದು ಒಂದು ಮನೆಯಿಂದ ಕೋಳಿಯ ಸಾರು, ನಾಳೆ ಇನ್ನೊಂದು ಮನೆಯಿಂದ ಬಿಸಿ ರೊಟ್ಟಿ. ಕರೆಯದೆ ಬರುತ್ತಾರೆ, ಬಾಗಿಲು ತಟ್ಟದೆ ಒಳಹೊಗುತ್ತಾರೆ, ಒಲ್ಲೆನೆಂದರೂ ಬಿಡದೆ ತುತ್ತನ್ನು ಬಾಯಿಗಿಡುತ್ತಾರೆ. ಆ ಊಟಕ್ಕೆ ಕೊನ್ಸೊಲೊ, ಎಂದರೆ ಸಾಂತ್ವನ, ಎಂದೇ ಹೆಸರು. ದುಃಖದ ದಿನಗಳು ಮುಗಿದಾಗ ನೆರೆಯವಳೊಬ್ಬಳು ತನ್ನ ಒಲೆಯ ಕೆಂಡವನ್ನು ಹೆಂಚಿನ ಚೂರಿನ ಮೇಲೆ ತಂದು ಆ ಮನೆಯ ಒಲೆಯನ್ನು ಮತ್ತೆ ಹಚ್ಚಿಕೊಡುತ್ತಾಳೆ. ಅದಕ್ಕೆ ಮೊದಲು ವಿಧವೆ ತನ್ನ ಕೈಯಾರೆ ಬೆಂಕಿ ಮುಟ್ಟಿದಳೋ, ಮನೆಯ ಸುತ್ತ ಸುಳಿಯುತ್ತಿರುವ ಆತ್ಮ ಆ ಹೊಗೆಯನ್ನು ಕಂಡು, "ಆಗಲೇ ನನ್ನನ್ನು ಮರೆತು ಉಣ್ಣಲು ಕೂತರು" ಎಂದು ಮುಖ ತಿರುಗಿಸಿ ಹೊರಟುಬಿಡುತ್ತದೆ. ಎಲ್ಲಿಯೂ ನೆಲೆ ಸಿಗದೆ ಅಲೆಯುತ್ತದೆ. ಇದು ಗುರುಗಳು ಪೀಠದಿಂದ ಬೋಧಿಸಿದ ಮಾತಲ್ಲ, ಅಜ್ಜಿಯರು ಎದೆಹಾಲಿನೊಂದಿಗೆ ಕುಡಿಸಿದ್ದು. ಅಜ್ಜಿಯರು ಇನ್ನೊಂದು ಮಾತನ್ನೂ ಕಲಿಸಿದ್ದರು: ಸಾವಿನ ಮನೆಯವಳು ಕೇಳಬಾರದು. ಅವಳ ಬಾಯಿಂದ "ಕೊಡಿ" ಎಂಬ ಮಾತು ಹೊರಟರೆ ಸತ್ತವನಿಗೂ ಊರಿಗೂ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಆದರೆ ಅದು ಕಲಾಬ್ರಿಯಾ ಆಗಿರಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ಸೀಮೆಯ ಹೊಗೆಸೊಪ್ಪಿನ ಕಣಿವೆ. ಎರಡನೆಯ ಮಹಾಯುದ್ಧ ಮುಗಿದು ಹತ್ತು ವರ್ಷಗಳಾಗಿದ್ದ ಕಾಲ. ಮಾರ್ಚ್ ತಿಂಗಳು, ಸೊಪ್ಪು ಕೀಳುವ ಸುಗ್ಗಿ. ಮನೆಯಿಂದ ಕೂಗಳತೆಯಲ್ಲಿ ಸೊಪ್ಪನ್ನು ಶಾಖದಲ್ಲಿ ಒಣಗಿಸಿ ಹದಮಾಡುವ ಎತ್ತರದ ಗೂಡು, ಬ್ಯಾರನ್, ನಿಂತಿತ್ತು. ಅದರೊಳಗೆ ಅಟ್ಟದ ಮೇಲೆ ಅಟ್ಟವಾಗಿ, ಕಡ್ಡಿಗಳಿಗೆ ಪೋಣಿಸಿದ ಆ ವರ್ಷದ ಬೆಳೆಯ ದೊಡ್ಡ ಪಾಲು ತೂಗುತ್ತಿತ್ತು. ಹೊರಗೋಡೆಯ ಒಲೆಬಾಯಿಗೆ ಸೌದೆ ಹಾಕಿದರೆ ಶಾಖವು ಕಬ್ಬಿಣದ ಕೊಳವೆಗಳಲ್ಲಿ ಒಳಗೆಲ್ಲ ಹರಿಯುತ್ತದೆ. ಒಂದು ವಾರದ ತಪಸ್ಸು ಅದು. ನಡುವೆ ಬೆಂಕಿ ಆರಿದರೆ ದಂಟಿನ ನೀರು ಎಲೆಗೆ ಹಿಂದಿರುಗುತ್ತದೆ. ಬಂಗಾರದ ಬಣ್ಣಕ್ಕೆ ತಿರುಗಿದ ಸೊಪ್ಪು ಕಪ್ಪಾಗಿ, ಗೊಬ್ಬರದ ಗುಂಡಿಗಲ್ಲದೆ ಮತ್ತೆಲ್ಲಿಗೂ ಸಲ್ಲದು. ಸೊಪ್ಪು ಹೋದರೆ ಭೂಮಿಯೂ ಹೋಯಿತು, ಏಕೆಂದರೆ ಭೂಮಿ ರೆನ್‌ಶಾ ಎಂಬವರದು. ಸವೇರಿಯಾಳ ಗಂಡ ಕೊಸಿಮೊ ಅದನ್ನು ಬೆಳೆಯ ಪಾಲಿಗೆ ಮಾಡುತ್ತಿದ್ದವನು. ಬೆಳೆ ಕೆಡಿಸಿಕೊಂಡ ವಿಧವೆಗೆ ಮರುವರ್ಷ ಯಾರು ಭೂಮಿ ಬಿಟ್ಟುಕೊಡುತ್ತಾರೆ?

ಆ ಒಲೆಬಾಯಿಯ ಎದುರಿಗೇ ಕೊಸಿಮೊ ಸತ್ತದ್ದು. ಮುಂಜಾನೆ ಕೋಟು ಟೋಪಿಗಳನ್ನು ಕಳಚಿ ಗೋಡೆಯ ಮೊಳೆಗೆ ನೇತುಹಾಕಿ, ಒಂದು ದಿಮ್ಮಿಯನ್ನು ಒಳಕ್ಕೆ ತಳ್ಳಿದವನು, ಎದೆ ಹಿಡಿದುಕೊಂಡು ಕೂತ, ಏಳಲಿಲ್ಲ.

ಮಣ್ಣಿಗೆ ಕಣಿವೆಯವರೆಲ್ಲ ಬಂದಿದ್ದರು. ಗಂಡಸರು ಟೋಪಿಯನ್ನು ಎದೆಗೊತ್ತಿ ನಿಂತಿದ್ದರು. ಭೂಮಿಯೊಡೆಯನ ಹೆಂಡತಿ ಮಿಸೆಸ್ ರೆನ್‌ಶಾ ಕೈಗವಸು ತೊಟ್ಟ ಎರಡು ಕೈಗಳಲ್ಲಿ ಸವೇರಿಯಾಳ ಕೈಯನ್ನು ಹಿಡಿದು, ಕಣ್ಣು ತುಂಬಿಕೊಂಡು, "ಏನಾದ್ರೂ ಬೇಕಾದ್ರೆ ಒಂದು ಮಾತು ಹೇಳಿಕಳ್ಸಮ್ಮ, ಸಂಕೋಚ ಮಾಡ್ಕೋಬೇಡ" ಎಂದಿದ್ದಳು. ಹಿಂದಿದ್ದವರೂ ಅದನ್ನೇ ಹೇಳಿದರು. ಎಲ್ಲರೂ ಅದನ್ನೇ ಹೇಳಿದರು. ಸವೇರಿಯಾ ಒಬ್ಬೊಬ್ಬರ ಮುಖವನ್ನೂ ಬೆರಗಿನಿಂದ ನೋಡಿದಳು. ಹೆಣದ ಮುಂದೆ ನಿಂತು ವಿಧವೆಗೆ "ಕೇಳು" ಎನ್ನುವ ಈ ಜನ ಯಾವ ತಾಯಿಯ ಮಕ್ಕಳು?

ಸಂಜೆಯ ಹೊತ್ತಿಗೆ ಬಂದವನು ಒಲಿವೊ ಒಬ್ಬನೇ. ಬೇಲಿಯಾಚೆಯ ಹೊಲ ಅವನದು. ಅವನೂ ಅವನ ಹೆಂಡತಿ ನಿವೆಸಳೂ ಇಟಲಿಯವರೇ, ಆದರೆ ಉತ್ತರದ ವೆನೆತೊ ಸೀಮೆಯವರು. ಕೊಸಿಮೊ ಬಿದ್ದ ಗಳಿಗೆಯಿಂದ ಬ್ಯಾರನ್ನಿನ ಬೆಂಕಿಯನ್ನು ಆರಗೊಡದೆ ಕಾಯ್ದವನು ಅವನೇ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಹೊಸ್ತಿಲಾಚೆಯೇ ನಿಂತ.

"ಸವೇರಿಯಾ, ಸೊಪ್ಪಿಗೆ ಹಳದಿ ಚೆನ್ನಾಗಿ ಬಂದಿದೆ. ಇನ್ನು ಶಾಖ ಏರಿಸ್ತಾ ಹೋಗ್ಬೇಕು, ಇಳೀಬಾರ್ದು. ದಪ್ಪ ದಿಮ್ಮಿ ತುಂಬಿದ್ದೀನಿ, ನಾಳೆ ಬೆಳಗಿನವರೆಗೂ ತಡೆಯುತ್ತೆ. ನಾಳೆ ನನ್ನ ಬ್ಯಾರನ್ನಿಗೂ ಬೆಂಕಿ ಹಾಕ್ಬೇಕು, ಎರಡು ಕಡೆ ನನ್ನಿಂದಾಗಲ್ಲ. ಇಲ್ಲಿಂದ ನೀವು ನೋಡ್ಕೋತೀರಲ್ಲ?"

ಸವೇರಿಯಾ ಮಾತಾಡಲಿಲ್ಲ. ಅವಳ ಊರಿನಲ್ಲಿ ಸಾವಿನ ಮನೆಯ ಮೌನಕ್ಕೆ "ನನ್ನಿಂದಾಗದು, ನೀವೇ ನೋಡಿ" ಎಂಬ ಅರ್ಥ. ಅವಳ ಸೋದರಮಾವ ಸುಣ್ಣ ಸುಡುವವನಾಗಿದ್ದ. ಗೂಡು ಉರಿಯುತ್ತಿರುವಾಗಲೇ ಅವನು ಸತ್ತಾಗ ಊರ ಗಂಡಸರು ಸರದಿಯ ಮೇಲೆ ಗೂಡು ಕಾಯ್ದರು, ಅತ್ತೆಗೆ ಒಂದು ಮಾತನ್ನೂ ಕೇಳಲಿಲ್ಲ. ಒಲಿವೊನ ಸೀಮೆಯಲ್ಲಿ ಮೌನವೆಂದರೆ ಒಪ್ಪಿಗೆ. ಅವನು ತಲೆಯಾಡಿಸಿ ಹೊರಟುಹೋದ. ಸವೇರಿಯಾ, "ಬೆಳಿಗ್ಗೆ ಬೇರೆ ಯಾರನ್ನೋ ಕಳಿಸುತ್ತಾನೆ" ಎಂದುಕೊಂಡು ಸಮಾಧಾನದಿಂದ ಜಪಸರವನ್ನು ಮುಂದುವರಿಸಿದಳು.

ಊರಲ್ಲಿದ್ದಷ್ಟು ದಿನ ಸವೇರಿಯಾ ತಾನು ಇಟಲಿಯವಳೆಂದು ಒಂದು ಸಲವಾದರೂ ಅಂದುಕೊಂಡವಳಲ್ಲ. ಅವಳು ತನ್ನ ಹಳ್ಳಿಯವಳು. ಪಕ್ಕದ ಹಳ್ಳಿಯವರೇ ಅವಳಿಗೆ ಪರದೇಶಿಗಳು. ಹಡಗಿನಿಂದ ಇಳಿದ ಮೇಲೆ ಇಲ್ಲಿಯವರು ಅವಳಿಗೆ ಆ ಹೆಸರನ್ನು ಕೊಟ್ಟರು. ಅದೇ ಹೆಸರನ್ನು ನಿವೆಸಳಿಗೂ ಕೊಟ್ಟರು. ಒಬ್ಬಳ ಮಾತು ಇನ್ನೊಬ್ಬಳಿಗೆ ಅರ್ಧ ತಿಳಿಯುತ್ತಿರಲಿಲ್ಲ. ಒಬ್ಬಳ ಅಡುಗೆ ಇನ್ನೊಬ್ಬಳ ಗಂಟಲಿಗಿಳಿಯುತ್ತಿರಲಿಲ್ಲ. "ನಿಮ್ಮ ಕಡೆಗೆ ರೈಲು ಬಂದು ಮುಟ್ಟೋ ಹೊತ್ತಿಗೆ ಎಂಜಿನ್ನಿಗೇ ಹಲ್ಲು ಉದುರಿರುತ್ತಂತೆ" ಎಂದು ಒಲಿವೊ ಬೇಲಿಯಾಚೆಯಿಂದ ಕೆಣಕುತ್ತಿದ್ದ. "ಬಿಡಯ್ಯ, ನಿಮ್ಮ ಕಡೆ ಕೋಳಿಗೂ ಮನುಷ್ಯನಿಗೂ ಒಂದೇ ಊಟ, ಜೋಳದ ಹಿಟ್ಟು" ಎಂದು ಕೊಸಿಮೊ ಮೆಣಸಿನಕಾಯಿ ಕಚ್ಚುತ್ತ ಉತ್ತರಿಸುತ್ತಿದ್ದ. ಇಬ್ಬರೂ ನಗುತ್ತಿದ್ದರು. ಹೆಂಗಸರು ನಗುತ್ತಿರಲಿಲ್ಲ.

ಮರುದಿನ ಬೆಳಗಾಯಿತು. ಯಾರೂ ಬರಲಿಲ್ಲ.

ಮಕ್ಕಳು ಉಳಿದಿದ್ದ ಒಣರೊಟ್ಟಿಯನ್ನೂ ಹಿತ್ತಿಲ ಟೊಮ್ಯಾಟೊವನ್ನೂ ತಿಂದರು. ಸವೇರಿಯಾ, ಕೊಸಿಮೊ ಬಿದ್ದಂದಿನಿಂದ, ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಿರಲಿಲ್ಲ. ಪರರ ಕೈಯಿಂದ ಬಂದರೆ ಉಣ್ಣಬೇಕು, ತನ್ನ ಕೈಯಿಂದ ಉಣ್ಣುವಂತಿಲ್ಲ. ಹೊಟ್ಟೆಯ ಸಂಕಟವನ್ನು ಅವಳು ಲೆಕ್ಕಕ್ಕಿಡಲಿಲ್ಲ. ಅವಳ ಕಿವಿಯೆಲ್ಲ ರಸ್ತೆಯ ಕಡೆಗಿತ್ತು.

ಮಿಸೆಸ್ ರೆನ್‌ಶಾಳ ಕಾರು ಬಂದು ಗೇಟಿನ ಎದುರು ನಿಂತಿತು. ಸವೇರಿಯಾ ಕಪ್ಪು ತಲೆವಸ್ತ್ರವನ್ನು ಸರಿಪಡಿಸಿಕೊಂಡಳು. ಕಾರಿನೊಳಗಿಂದ ಆ ಹೆಂಗಸು ಅರ್ಧ ತೆರೆದ ಬಾಗಿಲನ್ನೂ ಹೊಗೆಯಿಲ್ಲದ ಚಿಮಣಿಯನ್ನೂ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. ಅನಂತರ ಕಾರು ನಿಧಾನವಾಗಿ, ಸದ್ದು ಮಾಡಬಾರದೆಂಬಂತೆ, ಮುಂದೆ ಸರಿಯಿತು.

"ಹೋದ್ರು ಅವ್ವಾ" ಎಂದಳು ರೊಸಾರಿಯಾ.

"ಬರ್ತಾರೆ ಬಿಡು. ಪಾತ್ರೆ ಮರೆತಿರ್ಬೇಕು."

ಬಿಸಿಲು ಏರಿತು. ಈ ಸಲ ನಿವೆಸ್. ಮುಚ್ಚಳದ ಮೇಲೆ ಬಟ್ಟೆ ಬಿಗಿದ ಪಾತ್ರೆಯೊಂದನ್ನು ಎರಡು ಕೈಯಲ್ಲಿ ಹಿಡಿದು ರಸ್ತೆಯಲ್ಲಿ ಬರುತ್ತಿದ್ದಳು. ಪಾತ್ರೆಯ ಅಂಚಿನಿಂದ ಹಬೆ ಏಳುತ್ತಿತ್ತು. ರೊಸಾರಿಯಾ ಹಾರಿ ಎದ್ದು, ಬಾಗಿಲಿಗೆ ಅಡ್ಡವಿದ್ದ ಕುರ್ಚಿಯನ್ನು ಪಕ್ಕಕ್ಕೆಳೆದು, ಮೇಜಿನ ಮೇಲೆ ಎರಡು ತಟ್ಟೆ ಇಟ್ಟು ನಿಂತಳು. ಮಿಮ್ಮಾ ಚಮಚ ಹಿಡಿದುಕೊಂಡಳು. ನಿವೆಸ್ ಗೇಟಿನ ಬಳಿ ಬಂದಳು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು, ತಲೆ ತಗ್ಗಿಸಿ ಹಾದುಹೋದಳು. ಅವಳು ಹೊಲದಲ್ಲಿದ್ದ ತನ್ನ ಗಂಡನಿಗೆ ಊಟ ಒಯ್ಯುತ್ತಿದ್ದಳು.

ಮಿಮ್ಮಾ ಬಹಳ ಹೊತ್ತು ಚಮಚವನ್ನು ಕೆಳಗಿಡಲಿಲ್ಲ.

ಬಂಧುಗಳೇ, ಈ ಕಣಿವೆಯಲ್ಲಿ ಆ ದಿನ ಕೆಟ್ಟವರು ಒಬ್ಬರೂ ಇರಲಿಲ್ಲ. ಎಲ್ಲರ ಎದೆಯಲ್ಲೂ ಕನಿಕರ ತುಂಬಿ ತುಳುಕುತ್ತಿತ್ತು. ಎಲ್ಲರೂ ತಮ್ಮ ತಮ್ಮ ತಾಯಂದಿರು ಕಲಿಸಿದ ಮರ್ಯಾದೆಯನ್ನು ತಪ್ಪದೆ ಪಾಲಿಸುತ್ತಿದ್ದರು. ಆ ಮರ್ಯಾದೆಗಳ ನಡುವೆ ಒಬ್ಬ ಹೆಣ್ಣುಮಗಳು ನೀರಿಲ್ಲದ ಬಾವಿಗೆ ಬಿದ್ದವಳಂತೆ ಮೇಲೆ ನೋಡುತ್ತ ಕೂತಿದ್ದಳು.

ರೊಸಾರಿಯಾ ಬ್ಯಾರನ್ನಿನ ಕಡೆಗೆ ಹೋಗಿ ಓಡಿಬಂದಳು. "ಅವ್ವಾ, ಅಪ್ಪನ ಬೆಂಕಿ ಸಣ್ಣಗಾಗಿದೆ. ಮುಳ್ಳು ಕೆಳಕ್ಕೆ ಬರ್ತಿದೆ."

ಸವೇರಿಯಾ ಎದ್ದು ಹೋಗಿ ನೋಡಿದಳು. ದಿಮ್ಮಿಗಳು ಕೆಂಡವಾಗಿ ಕುಸಿದಿದ್ದವು. ಗೋಡೆಗೆ ಸಿಕ್ಕಿಸಿದ ಥರ್ಮಾಮೀಟರಿನ ಮುಳ್ಳು ನಿಲ್ಲಬೇಕಾದಲ್ಲಿ ನಿಂತಿರಲಿಲ್ಲ. ಒಳಗಿಂದ ಹಸಿ ಸೊಪ್ಪು ಬೆವರುವ ವಾಸನೆ ಆಗಲೇ ಮೂಗಿಗೆ ಬಡಿಯುತ್ತಿತ್ತು. ಸೌದೆ ಕೈಗೆಟಕುವಷ್ಟು ಹತ್ತಿರದಲ್ಲಿತ್ತು.

ಇದು ಬ್ಯಾರನ್ನು, ಮನೆಯ ಒಲೆಯಲ್ಲವಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡು ನೋಡಿದಳು. ಆದರೆ ಆ ಮಾತು ನಿಲ್ಲಲಿಲ್ಲ. ಕಣಿವೆಗೆ ಬಂದ ಮೊದಲ ವರ್ಷ ಅವರಿಗೆ ಮನೆಯೇ ಇರಲಿಲ್ಲ. ಈ ಗೋಡೆಗೆ ತಗಡು ಒರಗಿಸಿಕೊಂಡು ಇದ್ದರು. ಇದೇ ಒಲೆಬಾಯಿಯ ಕೆಂಡದಲ್ಲಿ ಕೊಸಿಮೊ ಮೆಣಸಿನಕಾಯಿ ಸುಟ್ಟು ರೊಟ್ಟಿಯೊಳಗಿಟ್ಟು ಅವಳಿಗೆ ತಿನ್ನಿಸಿದ್ದ. ಮೊದಲ ಬೆಂಕಿ ಹಾಕಿದಾಗ ಅದರ ಮೇಲೆ ಶಿಲುಬೆಯ ಗುರುತು ಮಾಡಿ, "ಇದೇ ನಮ್ಮ ಮನೆ, ಸವೇರಿಯಾ" ಎಂದಿದ್ದ. ರೊಸಾರಿಯಾ ಹುಟ್ಟಿದ್ದೂ ಇದರ ಬಿಸಿಯಲ್ಲೇ. ಮನೆಯ ಒಲೆ ಅದಾಗಿತ್ತು. ಅಡುಗೆಮನೆಯ ಒಲೆ ಆಮೇಲೆ ಬಂದದ್ದು.

ಅವಳು ಬೇಲಿಯ ಕಡೆಗೆ ನಡೆದಳು. ಕಾಲು ತಾನಾಗಿ ನಡೆಯಿತು. ಬೇಲಿಯಾಚೆ ನಿವೆಸ್ ಹಿಂದಿರುಗಿ ಬಂದು ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಖಾಲಿ ಪಾತ್ರೆ ಪಕ್ಕದಲ್ಲಿತ್ತು.

"ಸವೇರಿಯಾ! ಅಯ್ಯೋ ಪಾಪ, ಹೊರಗೆ ಬಂದ್ರಾ? ನಿಮ್ಮ ಕಡೆಯವರು ವರ್ಷಗಟ್ಲೆ ಬಾಗಿಲಾಚೆ ಬರಲ್ಲ ಅಂತ ಕೇಳಿದ್ದೆ."

ಸವೇರಿಯಾ ಬೇಲಿಯ ತಂತಿಯನ್ನು ಹಿಡಿದುಕೊಂಡಳು.

"ಏನಾದ್ರೂ ಬೇಕಿತ್ತಾ?" ನಿವೆಸಳ ದನಿಯಲ್ಲಿ ಕಪಟವಿರಲಿಲ್ಲ.

ಬೇಕಿತ್ತು. ಒಂದು ದಿಮ್ಮಿಯನ್ನು ಒಳಕ್ಕೆ ತಳ್ಳುವ ಒಂದು ಪರಕೀಯ ಕೈ ಬೇಕಿತ್ತು, ಅಷ್ಟೇ. ಮಾತು ನಾಲಗೆಯವರೆಗೂ ಬಂತು. ಆದರೆ ಆ ಮಾತಿನ ಹಿಂದೆಯೇ ಅವಳ ಅಜ್ಜಿ, ಅಜ್ಜಿಯ ಅಜ್ಜಿ, ಹಳ್ಳಿಯ ಬೀದಿಯ ಕಪ್ಪುಡುಗೆಯ ಹೆಂಗಸರೆಲ್ಲ ಸಾಲುಗಟ್ಟಿ ನಿಂತು ನೋಡುತ್ತಿದ್ದರು. ಅವರ ಹಿಂದೆ ಕೊಸಿಮೊ.

"ನಿಮ್ಮ ಅವರೆ ಚೆನ್ನಾಗಿ ಬಂದಿದೆ" ಎಂದಳು ಸವೇರಿಯಾ.

"ಎಲ್ಲಿ ಬಂತು, ಹುಳ ತಿಂದು ಹಾಕ್ತು. ಬೇರೇನೂ ಬೇಡ್ವಾ?"

"ಏನೂ ಬೇಡ."

ಹಿಂದಿರುಗುವಾಗ ಅವಳಿಗೆ ನೆಲ ಕಾಣಿಸುತ್ತಿರಲಿಲ್ಲ. ಒಲೆಬಾಯಿಯಲ್ಲಿ ಕೆಂಡಕ್ಕೆ ಬೂದಿ ಮುಸುಕುತ್ತಿತ್ತು. ಅವಳು ನೆಲದ ಮೇಲೆ ಮೊಣಕಾಲೂರಿ ಕರ್ತನನ್ನು ಕೂಗಿದಳು. ಮರಿಯಮ್ಮನನ್ನು, ನೆನಪಿಗೆ ಬಂದ ಸಂತರನ್ನೆಲ್ಲ, ಒಬ್ಬರಾದ ಮೇಲೆ ಒಬ್ಬರನ್ನು ಕೂಗಿದಳು. "ಒಬ್ಬರನ್ನ ಕಳಿಸು. ಕಳ್ಳನನ್ನಾದ್ರೂ ಕಳಿಸು. ದಾರೀಲಿ ಹೋಗೋ ಕುಡುಕನ್ನಾದ್ರೂ ಕಳಿಸು." ರಸ್ತೆ ಬರಿದಾಗಿತ್ತು. ಗಾಳಿಗೆ ನೀಲಗಿರಿ ಮರಗಳ ಎಲೆ ಮಾತ್ರ ಸದ್ದು ಮಾಡುತ್ತಿತ್ತು.

ಆಗ ಮೊಳೆಯ ಮೇಲಿನ ಕೋಟು ಅವಳ ಕಣ್ಣಿಗೆ ಬಿತ್ತು. ಸತ್ತ ಬೆಳಿಗ್ಗೆ ಕೊಸಿಮೊ ಕಳಚಿಟ್ಟದ್ದು. ಅದನ್ನು ಯಾರೂ ಮುಟ್ಟಿರಲಿಲ್ಲ. ಅದರ ಮೇಲೆ ಟೋಪಿ, ಕೆಳಗೆ ಸುಟ್ಟ ಕಲೆಗಳ ಚರ್ಮದ ಕೈಗವಸು.

ಅವಳು ಕಪ್ಪು ತಲೆವಸ್ತ್ರವನ್ನು ಬಿಚ್ಚಿದಳು. ಮಡಿಸಿ ಕಲ್ಲಿನ ಮೇಲಿಟ್ಟಳು. ಕೋಟಿನೊಳಗೆ ತೋಳು ತೂರಿಸಿದಳು, ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿದಳು, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಳು, ಕೈಗವಸು ತೊಟ್ಟಳು.

"ಕೊಸಿಮೊ, ನೋಡು, ಇದು ನಿನ್ನ ತೋಳು. ನಿನ್ನ ಕೈ. ಸೌದೆ ಹಾಕ್ತಿರೋನು ನೀನೇ. ನಾನಿಲ್ಲಿಲ್ಲ. ನಾನು ಒಳಗೆ ನಿನಗೋಸ್ಕರ ಅಳ್ತಾ ಕೂತಿದ್ದೀನಿ."

ದಿಮ್ಮಿಯನ್ನು ಎತ್ತಿದಳು. ಅದು ಒಳಹೋದಾಗ ಕಿಡಿಗಳು ಹಾರಿದವು. ಇನ್ನೊಂದು. ಮತ್ತೊಂದು.

ರೊಸಾರಿಯಾ ಮನೆಯ ಮೂಲೆಯಿಂದ ನೋಡಿ ಹೆದರಿದಳು. "ಅವ್ವಾ?"

"ಅವ್ವ ಒಳಗಿದ್ದಾಳೆ."

ಮಗು ತಿರುಗಿ ಅರ್ಧ ತೆರೆದ ಬಾಗಿಲಿನ ಮೂಲಕ ಖಾಲಿ ಮನೆಯನ್ನು ನೋಡಿತು. ಖಾಲಿ ಮೇಜಿನ ಮೇಲೆ ಎರಡು ಖಾಲಿ ತಟ್ಟೆಗಳಿದ್ದವು. "ಅವ್ವಾ, ನೀನು—"

"ಒಳಗಿದ್ದಾಳೆ ಅಂದೆನಲ್ಲ!"

ಅಷ್ಟರಲ್ಲಿ ಮಿಮ್ಮಾ ಅಂಗಳಕ್ಕೆ ಬಂದಳು. ಒಲೆಬಾಯಿಯ ಮುಂದೆ ಬಗ್ಗಿದ ಬೆನ್ನನ್ನು, ಗೊತ್ತಿರುವ ಟೋಪಿಯನ್ನು ಕಂಡಳು. ಮುಖವೆಲ್ಲ ಅರಳಿತು. "ಅಪ್ಪಾ!" ಎಂದು ಕೂಗುತ್ತ, ಎಡವುತ್ತ, ಓಡಿಬಂದು ಕೋಟಿನ ಅಂಚನ್ನು ಎರಡು ಮುಷ್ಟಿಯಲ್ಲಿ ಹಿಡಿದು ಮುಖ ಹುದುಗಿಸಿದಳು.

ಸವೇರಿಯಾ ತಿರುಗಲಿಲ್ಲ. ತಿರುಗಿದರೆ ಮಗು ಮುಖ ನೋಡುತ್ತಿತ್ತು. ಬೆಂಕಿಯ ಕಡೆಗೇ ಮುಖ ಮಾಡಿ, ಕೈಯಲ್ಲಿ ದಿಮ್ಮಿ ಹಿಡಿದು, ಅವಳು ನಿಂತೇ ಇದ್ದಳು. ಬ್ಯಾರನ್ನಿನ ಚಿಮಣಿಯಿಂದ ಹೊಗೆ ದಟ್ಟವಾಗಿ ಏಳುತ್ತಿತ್ತು. ಆ ಹೊಗೆ ಕಣಿವೆಯಲ್ಲೆಲ್ಲ ಕಾಣುತ್ತದೆಂದು ಅವಳು ಬಲ್ಲಳು.

ಮೊದಲು ಓಡಿಬಂದವಳು ನಿವೆಸ್. ಸತ್ತವನ ಟೋಪಿ ಹೊಗೆಸೊಪ್ಪಿನ ಸಾಲುಗಳಾಚೆ ಅಲುಗಾಡುವುದನ್ನು ಕಂಡು ಅವಳ ಎದೆ ಒಡೆದಿತ್ತು. ಹತ್ತಿರ ಬಂದು ಟೋಪಿಯ ಕೆಳಗಿನ ಮುಖ ಕಂಡ ಮೇಲೆ ಭಯವೆಲ್ಲ ಸಿಟ್ಟಾಯಿತು.

"ಕರ್ತನೇ! ಸವೇರಿಯಾ! ಇದೇನು ವೇಷ? ಗಂಡನ ಗೋರಿಯ ಮಣ್ಣು ಇನ್ನೂ ಆರಿಲ್ಲ, ಕಪ್ಪು ಬಟ್ಟೆ ಕಿತ್ತೆಸೆದು ಗಂಡಸಿನ ಹಾಗೆ... ಮಕ್ಕಳು ನೋಡ್ತಿದ್ದಾರೆ, ನಾಚಿಕೆಯಾಗಲ್ವಾ?"

"ಸವೇರಿಯಾ ಒಳಗಿದ್ದಾಳೆ."

ನಿವೆಸ್ ಅವಳ ಗಲ್ಲವನ್ನು ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಒಡೆದ ತುಟಿ, ಗುಳಿಬಿದ್ದ ಕಣ್ಣು. ಅವಳ ದನಿ ಇಳಿಯಿತು. "ಏನು ತಿಂದೆ ನೀನು? ಯಾವಾಗ ತಿಂದೆ?"

ಉತ್ತರ ಬಂದದ್ದು ಹಿಂದಿನಿಂದ, ರೊಸಾರಿಯಾಳಿಂದ. ಆ ಹುಡುಗಿ ಈ ನೆಲದಲ್ಲೇ ಹುಟ್ಟಿದವಳು. ಶಾಲೆಯಲ್ಲಿ ಒಂದು ಮಾತು, ಮನೆಯಲ್ಲಿ ಒಂದು ಮಾತು ಆಡುತ್ತ, ಎರಡು ದಡಗಳ ನಡುವೆ ದೋಣಿ ನಡೆಸುವುದನ್ನು ಆಗಲೇ ಕಲಿತಿದ್ದಳು.

"ಅವ್ವ ತಾನಾಗಿ ತಿನ್ನೋ ಹಾಗಿಲ್ಲ. ನೀವು ತರ್ಬೇಕು."

"ನಾವು? ಯಾರು ನಾವು?"

"ಎಲ್ಲರೂ. ಪಕ್ಕದ ಮನೆಯೋರು. ಬೆಂಕೀನೂ ನೀವೇ ಹಾಕ್ಬೇಕು. ಅವ್ವ ಕೇಳೋ ಹಾಗಿಲ್ಲ. ಅವ್ವನೇ ಬೆಂಕಿ ಹಾಕಿದ್ರೆ ಅಪ್ಪ ಹೊಗೆ ನೋಡಿ ಹೊರಟೋಗ್ತಾನೆ."

ನಿವೆಸ್ ಸೌದೆಯ ರಾಶಿಯ ಮೇಲೆ ಕುಸಿದು ಕೂತಳು. "ಅಯ್ಯೋ ನನ್ನ ತಾಯಿ... ಬೇಲಿ ಹತ್ರ ಬಂದು ಅವರೆಕಾಯಿ ಮಾತಾಡಿದ್ಯಲ್ಲೇ! ಚಿಮಣೀಲಿ ಹೊಗೆ ಇಲ್ಲ, ಮಲಗಿದ್ದಾರೆ, ಮಲಗ್ಲಿ ಅಂದ್ಕೊಂಡೆ. ಕರೆಯದೆ ದುಃಖದ ಮನೆಗೆ ನುಗ್ಗಿದ್ರೆ ನಮ್ಮ ಕಡೆ ತಮಾಷೆ ನೋಡೋಕೆ ಬಂದ್ರು ಅಂತಾರೆ ಕಣೇ. ಆ ರೆನ್‌ಶಾ ಹೆಂಗಸೂ ಬೆಳಿಗ್ಗೆ ಕೇಕು ಮಾಡಿ ತಂದಿದ್ಲು, ನಿಮ್ಮನ್ನ ಎಬ್ಬಿಸಬಾರ್ದು ಅಂತ ವಾಪಸ್ ತಗೊಂಡ್ಹೋದ್ಲು. ನಂಗೆ ರಸ್ತೇಲಿ ಸಿಕ್ಕಿದ್ಲು." ಎದ್ದು ಕೈಚಾಚಿದಳು. "ಕೊಡು ಇಲ್ಲಿ ಆ ದಿಮ್ಮಿ. ನಾನು ಹಾಕ್ತೀನಿ. ಕೊಡು."

ಸವೇರಿಯಾಳ ಬೆರಳುಗಳು ಬಿಡಿಸಿಕೊಳ್ಳಲಿಲ್ಲ. "ಈಗ್ಯಾಕೆ?" ಎಂದಳು, ಬಹಳ ಮೆಲ್ಲಗೆ. "ಅವನು ನೋಡ್ಬಿಟ್ಟ."

ಆ ಸಂಜೆ ಆ ಖಾಲಿ ಮೇಜಿನ ಮೇಲೆ ಕೊನೆಗೂ ಒಂದು ಪಾತ್ರೆ ಇಳಿಯಿತು. ಮೊಲದ ಮಾಂಸದ ಸಾರು, ಅದರ ಪಕ್ಕದಲ್ಲಿ ಹಲಗೆಯ ಮೇಲೆ ಸುರುವಿದ ಹಳದಿ ಜೋಳದ ಮುದ್ದೆ. ನಿವೆಸ್ ಚಮಚದಲ್ಲಿ ಮುರಿದು ಸವೇರಿಯಾಳ ಬಾಯಿಯ ಬಳಿ ಹಿಡಿದಳು. ಸವೇರಿಯಾ ಅದನ್ನೇ ನೋಡಿದಳು.

"ಕೋಳಿಗೆ ಹಾಕೋದು" ಎಂದಳು.

"ಕೋಳಿಗಾದ್ರೂ ತಿನ್ನೋ ಬುದ್ಧಿ ಇರುತ್ತೆ. ಬಾಯಿ ತೆಗಿ."

ಅವಳು ಉಂಡಳು. ಒಲಿವೊ ತನ್ನ ಬ್ಯಾರನ್ನಿಗೆ ಬೆಂಕಿ ಹಾಕುವುದನ್ನು ಮುಂದೂಡಿ ಕೊಸಿಮೊನ ಒಲೆಬಾಯಿಯನ್ನು ಕಾಯ್ದ. ಬ್ಯಾರನ್ನಿನ ಬಾಗಿಲು ತೆರೆದ ದಿನ, ಕೆಳಗಿನ ಅ‌ಟ್ಟಗಳ ಸೊಪ್ಪೆಲ್ಲ ಕಪ್ಪಾಗಿತ್ತು. ಮೇಲಿನ ಅಟ್ಟಗಳದ್ದು ಉಳಿದಿತ್ತು. ರೆನ್‌ಶಾ ಆ ಸೊಪ್ಪನ್ನು ಕೈಯಲ್ಲಿ ಉಜ್ಜಿ ನೋಡಿ, ಇನ್ನೊಂದು ವರ್ಷ ನೋಡೋಣ ಎಂದರು. ಭೂಮಿ ಉಳಿಯಿತು. ಆ ಇನ್ನೊಂದು ವರ್ಷ ಅವಳ ಉಳಿದ ಆಯುಷ್ಯವೆಲ್ಲ ನಡೆಯಿತು.

ಆದರೆ ಕೊಸಿಮೊ? ಆ ಹೊಗೆಯನ್ನು ಕಂಡು ಅವನು ಮುಖ ತಿರುಗಿಸಿ ಹೊರಟುಹೋದನೇ? ಅವಳು ಮತ್ತೆ ಕಪ್ಪು ಉಟ್ಟಳು, ಸಾಯುವವರೆಗೂ ಕಳಚಲಿಲ್ಲ. ಪ್ರತಿವರ್ಷ ಸತ್ತವರ ಹಬ್ಬದಂದು ಗೋರಿಯ ಮುಂದೆ ನಿಂತು ಅದನ್ನೇ ಕೇಳುತ್ತಿದ್ದಳು. ಊರ ಗುರುಗಳು, "ಅಮ್ಮಾ, ಒಂದು ತುಂಡು ಸೌದೆಗಾಗಿ ಆತ್ಮವನ್ನು ಹೊರಗಟ್ಟುವಷ್ಟು ದೇವರು ಸಣ್ಣವನಲ್ಲ" ಎಂದು ಸಮಾಧಾನ ಹೇಳಿದರು. "ದೇವರು ಸಣ್ಣೋನಲ್ಲ ಸ್ವಾಮಿ, ಅದು ನಂಗೂ ಗೊತ್ತು" ಎಂದಳು ಅವಳು. "ಆದ್ರೆ ಕೊಸಿಮೊಗೆ ಮುನಿಸು ಬೇಗ."

ಕಣಿವೆಯ ಯಾವ ಮನೆಯಲ್ಲಿ ಸಾವಾದರೂ, ಅದು ಉತ್ತರದವರದಿರಲಿ, ಅಲ್ಬೇನಿಯದಿಂದ ಬಂದವರದಿರಲಿ, ಇಂಗ್ಲಿಷಿನವರದಿರಲಿ, ಮಣ್ಣಿನಿಂದ ಹಿಂದಿರುಗಿದವರಿಗೆ ಮೊದಲು ಕಾಣುತ್ತಿದ್ದದ್ದು ಸವೇರಿಯಾ. ಪಾತ್ರೆಯೊಂದಿಗೆ ಅಡುಗೆಮನೆಯಲ್ಲಿ ಆಗಲೇ ನಿಂತಿರುತ್ತಿದ್ದಳು. ರೆನ್‌ಶಾ ತೀರಿಕೊಂಡಾಗ ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, ಬೆನ್ನು ನೆಟ್ಟಗೆ ಮಾಡಿಕೊಂಡು, "ಥ್ಯಾಂಕ್ಸ್ ಸವೇರಿಯಾ, ನಂಗೇನೂ ಬೇಡ, ನಾನು ಚೆನ್ನಾಗೇ ಇದ್ದೀನಿ" ಎಂದಳು. "ಗೊತ್ತು" ಎಂದ ಸವೇರಿಯಾ ಭುಜದಿಂದ ಅವಳನ್ನು ಪಕ್ಕಕ್ಕೆ ತಳ್ಳಿ ನೇರವಾಗಿ ಒಲೆಯ ಬಳಿಗೆ ಹೋದಳು. ಆ ಹೆಂಗಸು ಸಾರನ್ನು ನಿಂತೇ ಕುಡಿದು, ಆಮೇಲೆ ಕೂತು ಅತ್ತಳಂತೆ. ಜನ ಸವೇರಿಯಾಳನ್ನು ಹೊಗಳುತ್ತಿದ್ದರು. ಅವಳು ಹೊಗಳಿಕೆಯನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಬೇರೆಯವರ ಒಲೆಯನ್ನು ತನ್ನ ಕೈಯಿಂದ ಹಚ್ಚಿಕೊಟ್ಟು, ಅಂಗಳಕ್ಕೆ ಬಂದು, ಚಿಮಣಿಯಿಂದೇಳುವ ಹೊಗೆಯನ್ನು ಕತ್ತೆತ್ತಿ ನೋಡುತ್ತಿದ್ದಳು. ಯಾರದೋ ಮುಖಕ್ಕಾಗಿ ಹುಡುಕುವವಳ ಹಾಗೆ.

ಅವಳು ಕಣ್ಣು ಮುಚ್ಚುವ ಹೊತ್ತಿಗೆ ಕಣಿವೆಯ ಬ್ಯಾರನ್ನುಗಳೆಲ್ಲ ಆರಿಹೋಗಿದ್ದವು. ಸೊಪ್ಪಿನ ಹೊಲಗಳಲ್ಲಿ ದ್ರಾಕ್ಷಿ ಬಳ್ಳಿ ಹಬ್ಬಿತ್ತು. ಕಡೆಯ ದಿನಗಳಲ್ಲಿ ರೊಸಾರಿಯಾಳನ್ನು ಹತ್ತಿರ ಕರೆದು, "ಅಪ್ಪನ ಕೋಟು ನನ್ನ ಜೊತೆ ಇಡು. ಅವನಿಗೆ ವಾಪಸ್ ಕೊಡ್ಬೇಕು. ಕೊಡೋವಾಗ ಒಂದು ಮಾತು ಹೇಳೋದಿದೆ" ಎಂದಿದ್ದಳು. ಏನು ಮಾತೆಂದು ಮಗಳು ಕೇಳಿದಾಗ ಗೋಡೆಯ ಕಡೆಗೆ ಹೊರಳಿಕೊಂಡಳು.

ತಾಯಿಯ ದೇಹವನ್ನು ಮನೆಗೆ ತಂದ ದಿನ, ತಲೆ ನರೆತ ರೊಸಾರಿಯಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಅದು ಕರೆಂಟಿನ ಒಲೆ. ಆರಿಸಲು ಅದರಲ್ಲಿ ಏನೂ ಇರಲಿಲ್ಲ. ಏನು ಮಾಡುವುದೆಂದು ತೋಚದೆ ಅದರ ಮೇಲೊಂದು ಬಟ್ಟೆ ಹೊದಿಸಿ, ಮುಂಬಾಗಿಲನ್ನು ಅರ್ಧ ತೆರೆದು, ಕುರ್ಚಿಯೊಂದನ್ನು ಅಡ್ಡ ಇಟ್ಟಳು.

ಬಾಗಿಲು ತಟ್ಟದೆ ಒಳಬಂದವಳು ನಿವೆಸ್. ತೊಂಬತ್ತು ದಾಟಿದ ಮುದುಕಿ, ಒಂದು ಕೈಯಲ್ಲಿ ಕೋಲು. ಹಿಂದೆ ಮೊಮ್ಮಗಳ ಕೈಯಲ್ಲಿ ಪಾತ್ರೆ. ಪಾತ್ರೆಯನ್ನು ಮೇಜಿನ ಮೇಲೆ ಇಡಿಸಿ, ನೇರವಾಗಿ ಶವಪೆಟ್ಟಿಗೆಯ ಬಳಿಗೆ ಹೋದಳು. ಅದರ ಪಕ್ಕದಲ್ಲಿ ಇಟ್ಟಿದ್ದ ಕೊಸಿಮೊನ ಕೋಟನ್ನು ಕೈಗೆತ್ತಿಕೊಂಡು, ತೋಳನ್ನು ಮೂಗಿಗೆ ಹಿಡಿದು ನೋಡಿದಳು. ಹೊಗೆಯ ವಾಸನೆ ಇನ್ನೂ ಇತ್ತು. ಅದನ್ನು ಜೋಪಾನವಾಗಿ ಮಡಿಸಿ ಸವೇರಿಯಾಳ ಕೈಗಳ ಕೆಳಗೆ ಇಟ್ಟಳು. ಆಮೇಲೆ ಕಿವುಡಿಗೆ ಹೇಳುವವಳಂತೆ ಬಗ್ಗಿ, ಜಗಳದ ದನಿಯಲ್ಲಿ ಹೇಳಿದಳು:

"ಹೋಗು, ಹೇಳು ಅವನಿಗೆ. ನಿಂದೇನೂ ತಪ್ಪಿಲ್ಲ ಅನ್ನು. ಪಕ್ಕದ ಮನೆಯೋಳು ಬರ್ಲಿಲ್ಲ ಅನ್ನು. ಬಿಸಿ ಪಾತ್ರೆ ಹಿಡ್ಕೊಂಡು ಗೇಟಿನ ಮುಂದೇನೇ ಹೋದ್ಲು, ಒಳಗೆ ಬರ್ಲಿಲ್ಲ ಅನ್ನು. ನನ್ನ ಹೆಸರು ಹೇಳು."